ಊರಿನ ಫಿಲ್ಟರ್ ಹೌಸ್ ಕೆಡವಿ ಹೊಸದು ಕಟ್ತೀವಿ ಅಂದ್ರೆ ಏನು ನೋಡ್ಬೇಕು, ಯಾರನ್ನ ಏನ್ ಕೇಳ್ಬೇಕು

ಪೇಪರಿನ ಜಿಲ್ಲಾ ಪುಟದ ಮೂಲೇಲಿ ನಾಲ್ಕು ಸಾಲು ಬಂದಿರತ್ತೆ. ನೀರು ಶುದ್ಧೀಕರಣ ಘಟಕ ಶಿಥಿಲ, ಹೊಸ ಘಟಕಕ್ಕೆ ಪ್ರಸ್ತಾವನೆ, ಮುಂದಿನ ಸಾಮಾನ್ಯ ಸಭೆಯಲ್ಲಿ ತೀರ್ಮಾನ. ಎಷ್ಟು ಕೋಟಿ ಅನ್ನೋದು ಇರತ್ತೆ, ಯಾಕೆ ಅನ್ನೋದು ಇರಲ್ಲ. ನಾವೂ ಓದಿ ಪುಟ ತಿರುವಿ ಹಾಕ್ತೀವಿ.

ನಮ್ಮೂರಲ್ಲೂ ಹಿಂಗೇ ಆಯ್ತು, ಊರಿನ ಹೆಸರು ಬೇಡ ಬಿಡಿ. ಅವತ್ತು ನಾನು ಸಭೆಯ ಗ್ಯಾಲರೀಲಿ ಕೂತಿದ್ದೆ, ಬೆಳಗ್ಗೆಯಿಂದ ಬೀದಿದೀಪ, ಬೀದಿನಾಯಿ, ಯಾವ್ದೋ ಸರ್ಕಲ್‌ಗೆ ಯಾರ ಹೆಸರು ಇಡ್ಬೇಕು ಅಂತ ಮೂರು ಗಂಟೆ ಜಗಳ ಆಗಿ ಎಲ್ರಿಗೂ ಹೊಟ್ಟೆ ಹಸಿದು ಎದ್ದು ನಿಲ್ಲೋ ಹೊತ್ತಿಗೆ ನೀರಿನ ವಿಷಯ ಬಂತು, ಒಂದು ಪ್ಯಾರಾ ಓದಿದ್ರು, "ಒಪ್ಪಿಗೆ ಒಪ್ಪಿಗೆ" ಅಂತ ಎರಡು ದನಿ ಬಂತು, ಮುಗೀತು. ಹೊಸ ಘಟಕ ಬಂತು, ಚೆನ್ನಾಗೇ ಇದೆ, ಮುಂದೆ ಗಾರ್ಡನ್ ಬೇರೆ ಮಾಡಿದಾರೆ. ನಮ್ಮನೆ ನಲ್ಲೀಲಿ ಮಾತ್ರ ಇವತ್ತಿಗೂ ನಾಲ್ಕು ದಿನಕ್ಕೊಮ್ಮೆ ನೀರು, ಯಾಕಂದ್ರೆ ಪೈಪು ಅದೇ ಹಳೇದು. ಅವತ್ತು ಏನ್ ಕೇಳ್ಬೇಕಿತ್ತು ಅಂತ ನನಗೆ ಗೊತ್ತಾಗಿದ್ದು ಆಮೇಲೆ, ಬೇರೆ ಊರಿನ ಗೆಳೆಯರ ಜೊತೆ ಎರಡು ಸಲ ಇದೇ ಕೆಲಸಕ್ಕೆ ಓಡಾಡಿದ ಮೇಲೆ. ನಿಮ್ಮೂರಲ್ಲಿ ಈಗ ಈ ವಿಷಯ ಎದ್ದಿದ್ರೆ ಇದನ್ನ ಓದಿ, ಟೈಮ್ ಉಳಿಯತ್ತೆ.

ಮೊದಲು, ತೀರ್ಮಾನ ಯಾರದ್ದು

ಸಂವಿಧಾನದ 74ನೇ ತಿದ್ದುಪಡಿ 1992ರಲ್ಲಿ ಬಂತಲ್ಲ, ಅದರ 12ನೇ ಪರಿಚ್ಛೇದದಲ್ಲಿ 5ನೇ ಐಟಂ ನೀರು ಸರಬರಾಜು. ಅಂದ್ರೆ ಕಾಗದದ ಮೇಲೆ ಇದು ಊರಿನ ಕೌನ್ಸಿಲ್‌ನ ಕೆಲಸ. ಮಹಾನಗರ ಪಾಲಿಕೆ ಆದ್ರೆ 1976ರ ಕಾಯ್ದೆ, ನಗರಸಭೆ ಪುರಸಭೆ ಆದ್ರೆ 1964ರ ಕಾಯ್ದೆ. ಆದ್ರೆ ಪ್ಲಾನ್ ಮಾಡೋದು, ಡಿಪಿಆರ್ ಅಂದ್ರೆ ವಿಸ್ತೃತ ಯೋಜನಾ ವರದಿ ಬರೆಯೋದು, ಕಟ್ಟಿಸೋದು ಬಹುಪಾಲು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ವಿಶ್ವಬ್ಯಾಂಕು, ಎಡಿಬಿ (ಏಷ್ಯಾ ಅಭಿವೃದ್ಧಿ ಬ್ಯಾಂಕು) ಥರ ಹೊರಗಿನ ಸಾಲ ಇದ್ರೆ ಕೆಯುಐಡಿಎಫ್‌ಸಿ ಅನ್ನೋ ರಾಜ್ಯದ ನಗರ ಮೂಲಸೌಕರ್ಯ ನಿಗಮ. ಹಾಗಾಗಿ ಕಾರ್ಪೊರೇಟರ್‌ನ ಕೇಳಿದ್ರೆ "ಅದು ಬೋರ್ಡ್‌ನೋರು ಮಾಡೋದು" ಅಂತಾರೆ, ಬೋರ್ಡ್ ಇಂಜಿನಿಯರ್‌ನ ಕೇಳಿದ್ರೆ "ಕೌನ್ಸಿಲ್ ಠರಾವು ಮಾಡಿ ಕಳಿಸಿದೆ, ನಾವು ಮಾಡ್ತಿದೀವಿ" ಅಂತಾರೆ. ಇಬ್ರೂ ಸುಳ್ಳು ಹೇಳ್ತಿಲ್ಲ. ಆದ್ರೆ ಆ ಠರಾವು ಇಲ್ಲದೆ ಊರಿನ ಪಾಲಿನ ದುಡ್ಡು ಕೊಡೋಕಾಗಲ್ಲ, ಕಟ್ಟಿದ ಮೇಲೆ ನಡೆಸೋ ಹೊಣೆ ಹೊರೋಕಾಗಲ್ಲ, ಅದಕ್ಕೇ ನಾವು ಹಿಡೀಬೇಕಾದ ಜಾಗ ಅದೇ.

ಬೆಂಗಳೂರಿನೋರಿಗೆ ಇದು ಅನ್ವಯ ಆಗಲ್ಲ, ಅಲ್ಲಿ 1964ರಿಂದ ಜಲಮಂಡಳಿ ಬೇರೆನೇ ಇದೆ. ಇನ್ನು ಕೆಲವು ಊರಲ್ಲಿ ಅವಧಿ ಮುಗಿದು ಚುನಾವಣೆ ಆಗದೆ ಆಡಳಿತಾಧಿಕಾರಿ ಕೂತಿರ್ತಾರೆ, ಆಗ ಕೌನ್ಸಿಲ್ಲಿನ ಅಧಿಕಾರ ಎಲ್ಲಾ ಅವರದ್ದೇ. ಅಂಥ ಕಡೆ ಗ್ಯಾಲರಿ ಗೀಲರಿ ಏನೂ ಇರಲ್ಲ, ನೇರ ಅವರ ಆಫೀಸಿಗೆ ಅರ್ಜಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಂಡು ಬರೋದೇ ದಾರಿ.

ಘಟಕಕ್ಕೆ ಹೋಗಿ ಕಣ್ಣಾರೆ ನೋಡಿ, ಅದೂ ಮಳೆಗಾಲದಲ್ಲಿ

ಇದು ಎಲ್ಲಕ್ಕಿಂತ ಮುಖ್ಯ, ಆದ್ರೆ ಯಾರೂ ಮಾಡಲ್ಲ. ಕಮಿಷನರ್‌ಗೋ ಪೌರಾಯುಕ್ತರಿಗೋ ಒಂದು ಪತ್ರ ಕೊಡಿ, ನಾಲ್ಕೈದು ಜನ ಹೋಗ್ತೀವಿ, ಜೊತೆಗೆ ಒಬ್ಬ ಕೆಮಿಸ್ಟ್ರಿ ಮೇಷ್ಟ್ರು ಬರ್ತಾರೆ ಅಂತ ಬರೀರಿ, ಮೇಷ್ಟ್ರ ಹೆಸರು ಇದ್ರೆ ಬೇಗ ಒಪ್ತಾರೆ ಅನ್ನೋದು ನನ್ನ ಅನುಭವ. ಜನವರೀಲಿ ಹೋಗ್ಬೇಡಿ. ಆಗ ಹೊಳೆ ನೀರೇ ತಿಳಿಯಾಗಿರತ್ತೆ, ಎಂಥ ಘಟಕ ಆದ್ರೂ ಪಾಸಾಗತ್ತೆ. ಜುಲೈ ಆಗಸ್ಟಲ್ಲಿ ಹೊಳೆ ಕೆಂಪಗೆ ಬರ್ತಿರೋವಾಗ ಹೋಗಿ, ಘಟಕದ ಯೋಗ್ಯತೆ ಗೊತ್ತಾಗೋದು ಆಗಲೇ.

ನೀರು ಹೋಗೋ ದಾರಿ ಸುಮಾರಾಗಿ ಎಲ್ಲಾ ಕಡೆ ಒಂದೇ. ಹೊಳೇಲಿ ಜಾಕ್‌ವೆಲ್ ಅನ್ನೋ ನೀರೆತ್ತೋ ಬಾವಿ, ಅಲ್ಲಿಂದ ಪಂಪಲ್ಲಿ ಎತ್ತಿ ಘಟಕಕ್ಕೆ, ಮೊದಲು ನೀರು ಮೆಟ್ಟಿಲು ಮೆಟ್ಟಿಲಾಗಿ ಬಿದ್ದು ಗಾಳಿ ಬೆರೆಯೋ ಏರೇಟರ್, ಆಮೇಲೆ ಆಲಂ ಅಂದ್ರೆ ನಮ್ಮ ಪಟಕ ಬೆರೆಸಿ ಕಲಕೋದು, ಆಮೇಲೆ ದೊಡ್ಡ ದುಂಡನೆ ತೊಟ್ಟಿ, ಕ್ಲಾರಿಫ್ಲಾಕ್ಯುಲೇಟರ್ ಅಂತಾರೆ, ಅಲ್ಲಿ ಕೆಸರು ಗೆಡ್ಡೆ ಕಟ್ಟಿ ತಳಕ್ಕೆ ಕೂರತ್ತೆ, ಮೇಲಿನ ತಿಳಿ ಮರಳಿನ ಫಿಲ್ಟರ್ ಬೆಡ್‌ಗೆ ಹೋಗತ್ತೆ, ಕೊನೆಗೆ ಕ್ಲೋರಿನ್ ಹಾಕಿ ಸಂಪಿಗೆ, ಅಲ್ಲಿಂದ ಓವರ್‌ಹೆಡ್ ಟ್ಯಾಂಕಿಗೆ.

ಒಳಗೆ ಕಾಲಿಟ್ಟ ತಕ್ಷಣ ಕೇಳ್ಬೇಕಾದ ಮೊದಲ ಪ್ರಶ್ನೆ ಫ್ಲೋ ಮೀಟರ್‌ದು. ನಾವು ಹೋಗಿದ್ದ ಕಡೆ ಆದ ಮಾತುಕತೆ ಹೀಗಿತ್ತು.

"ಅಣ್ಣಾ, ದಿನಕ್ಕೆ ಎಷ್ಟು ನೀರು ಬರತ್ತೆ ಇಲ್ಲಿಗೆ?"

"ಹದಿನೆಂಟು ಎಂಎಲ್‌ಡಿ ಸಾರ್."

"ಮೀಟರ್ ಎಲ್ಲಿದೆ?"

"ಮೀಟರ್ ಕೆಟ್ಟು ಆರು ವರ್ಷ ಆಯ್ತು. ಪಂಪ್ ಎಷ್ಟು ಗಂಟೆ ಓಡ್ತು ನೋಡಿ ಗುಣಿಸಿ ಬರೀತೀವಿ."

ಒಂದು ಎಂಎಲ್‌ಡಿ ಅಂದ್ರೆ ದಿನಕ್ಕೆ 10 ಲಕ್ಷ ಲೀಟರ್. ಪಂಪಿನ ಮೇಲೆ ಬರೆದಿರೋ ನಂಬರ್ ಅದು ಹೊಸದಾಗಿದ್ದಾಗಿನದು. ಹತ್ತು ಹದಿನೈದು ವರ್ಷ ತಿರುಗಿ ಸವೆದ ಪಂಪು ಅಷ್ಟೇ ಎತ್ತತ್ತೆ ಅಂತ ಬರೆಯೋದು, ಅರವತ್ತು ವರ್ಷದ ನಾನು ಇನ್ನೂ ಕಾಲೇಜಲ್ಲಿ ಓಡಿದ ಸ್ಪೀಡಲ್ಲೇ ಓಡ್ತೀನಿ ಅಂದ ಹಾಗೆ. ಎಷ್ಟು ನೀರು ಬರ್ತಿದೆ ಅಂತಲೇ ಗೊತ್ತಿಲ್ಲದ ಊರು ಎಷ್ಟು ದೊಡ್ಡ ಘಟಕ ಬೇಕು ಅಂತ ಹೆಂಗೆ ಹೇಳತ್ತೆ ಹೇಳಿ. ಎರಡು ಬಲ್ಕ್ ಮೀಟರ್, ಅಂದ್ರೆ ದೊಡ್ಡ ಪೈಪಿನ ಮೀಟರ್, ಒಂದು ಒಳಗೆ ಬರೋ ಕಡೆ ಒಂದು ಹೊರಗೆ ಹೋಗೋ ಕಡೆ, ಹಾಕಿ ಒಂದು ವರ್ಷ, ಕೊನೇಪಕ್ಷ ಆರು ತಿಂಗಳು ಓದಿದ ಮೇಲೆ ಡಿಪಿಆರ್ ಮಾಡಿ ಅಂತ ಕೇಳೋದು ಏನೂ ದೊಡ್ಡ ಬೇಡಿಕೆ ಅಲ್ಲ.

ಆಲಂ ಹಾಕೋ ಜಾಗದಲ್ಲಿ ಜಾರ್ ಟೆಸ್ಟ್ ಯಾವಾಗ ಮಾಡಿದ್ದು ಕೇಳಿ. ಆರು ಗಾಜಿನ ಪಾತ್ರೇಲಿ ಅದೇ ಹೊಳೆ ನೀರು ಇಟ್ಟು ಬೇರೆ ಬೇರೆ ಪ್ರಮಾಣದ ಆಲಂ ಹಾಕಿ ಕಲಕಿ, ಯಾವುದು ಚೆನ್ನಾಗಿ ತಿಳಿಯಾಗತ್ತೆ ನೋಡೋದು, ಅಷ್ಟೇ ಅದು. ಮಳೆಗಾಲದಲ್ಲಿ ದಿನಾ ಮಾಡ್ಬೇಕು. ಮಾಡದೆ ಅಂದಾಜಲ್ಲಿ ಚಪ್ಪಡಿ ಆಲಂ ತೊಟ್ಟಿಗೆ ಎಸೀತಿದ್ರೆ ನೀರು ಕೆಂಪಗೆ ಬರೋದಕ್ಕೆ ಘಟಕದ ವಯಸ್ಸು ಕಾರಣ ಅಲ್ಲ. ದುಂಡು ತೊಟ್ಟಿ ಮೇಲೆ ಒಂದು ಸೇತುವೆ ಥರ ಇರತ್ತೆ, ಅದು ನಿಧಾನಕ್ಕೆ ಸುತ್ತುತಾ ಇರ್ಬೇಕು, ನಿಂತೇ ಹೋಗಿದ್ರೆ ಗೇರ್‌ಬಾಕ್ಸೋ ಮೋಟರೋ ಹೋಗಿದೆ ಅಂತ ಅರ್ಥ, ಅದು ಲಕ್ಷದ ಕೆಲಸ, ಕೋಟಿಯದ್ದಲ್ಲ.

ಫಿಲ್ಟರ್ ಬೆಡ್ ಹತ್ರ ಸ್ವಲ್ಪ ಹೊತ್ತು ನಿಲ್ಲಿ. "ಒಂದು ಬ್ಯಾಕ್‌ವಾಶ್ ಮಾಡಿ ತೋರಿಸ್ತೀರಾ" ಅಂತ ಕೇಳಿ, ಅಂದ್ರೆ ಕೆಳಗಿಂದ ಗಾಳಿ ನೀರು ಬಿಟ್ಟು ಮರಳು ತೊಳೆಯೋದು, ಆಪರೇಟರ್‌ಗಳಿಗೆ ತಮ್ಮ ಕೆಲಸ ತೋರ್ಸೋದಂದ್ರೆ ಖುಷಿನೇ, ಯಾರೂ ಕೇಳಿರಲ್ಲ ಅಷ್ಟೇ. ಕೆಳಗಿಂದ ಗಾಳಿ ಬಿಟ್ಟಾಗ ಇಡೀ ಬೆಡ್‌ನಲ್ಲಿ ಅನ್ನ ಕುದಿಯೋ ಹಾಗೆ ಎಲ್ಲಾ ಕಡೆ ಒಂದೇ ಸಮ ಗುಳ್ಳೆ ಏಳ್ಬೇಕು. ಒಂದು ಮೂಲೇಲಿ ಮಾತ್ರ ಭುಗಿಲ್ ಅಂತ ಎದ್ದು ಉಳಿದ ಕಡೆ ಸುಮ್ನಿದ್ರೆ ತಳದ ನಾಝಲ್‌ಗಳು, ಅಂದ್ರೆ ಗಾಳಿ ಬರೋ ಮೂತಿಗಳು, ಮುರಿದಿವೆ ಅಥವಾ ಕಟ್ಕೊಂಡಿವೆ. ಮರಳಿನಲ್ಲಿ ಮಣ್ಣಿನುಂಡೆ ಸಿಗ್ತಿದ್ರೆ ತೊಳೆಯೋದು ಸರಿ ಆಗ್ತಿಲ್ಲ. ಮರಳಿನ ದಪ್ಪ 60ರಿಂದ 75 ಸೆಂಟಿಮೀಟರ್ ಇರ್ಬೇಕು, ಎಷ್ಟೋ ಕಡೆ ತೊಳೆದು ತೊಳೆದು ಕೊಚ್ಚಿ ಹೋಗಿ ಕಮ್ಮಿ ಆಗಿರತ್ತೆ, ಯಾರೂ ತುಂಬಿರಲ್ಲ. ಮರಳು, ಜಲ್ಲಿ, ನಾಝಲ್ ಎಲ್ಲಾ ಬದಲಾಯಿಸ್ಬೋದು, ಅದಕ್ಕೆ ಕಟ್ಟಡ ಕೆಡವೋದು ಬೇಡ.

ಕ್ಲೋರಿನ್ ರೂಮ್ ವಿಷಯ ಬೇರೆ. 900 ಕೇಜಿ ಗ್ಯಾಸ್ ತುಂಬಿರೋ ಟನ್ನರ್ ಅನ್ನೋ ದೊಡ್ಡ ಸಿಲಿಂಡರ್‌ಗಳನ್ನ ಮಲಗಿಸಿರ್ತಾರೆ, ಲೀಕ್ ಡಿಟೆಕ್ಟರ್ ಇದೆಯಾ, ಮಾಸ್ಕ್ ಇದೆಯಾ, ಇದ್ರೂ ಅದು ಬೀಗ ಹಾಕಿರೋ ರೂಮೊಳಗೇ ಇದೆಯಾ ನೋಡಿ. ತಮಾಷೆ ಅಲ್ಲ, ನಾವು ನೋಡಿದ ಕಡೆ ಹಂಗೇ ಇತ್ತು. ಇಲ್ಲಿ ತೊಂದ್ರೆ ಇದ್ರೆ ಮೂರು ವರ್ಷ ಆಗೋ ಹೊಸ ಘಟಕಕ್ಕೆ ಕಾಯಂಗಿಲ್ಲ, ಇದೇ ತಿಂಗಳು ಸರಿ ಮಾಡಿ ಅಂತ ಬೇರೆ ಅರ್ಜಿ ಕೊಡಿ.

ಇನ್ನು ಶಿಥಿಲ ಅನ್ನೋ ಪದ. ಕಾಂಕ್ರೀಟ್ ಉದುರಿ ತುಕ್ಕು ಹಿಡಿದ ಕಬ್ಬಿಣ ಕಾಣ್ತಿದ್ರೆ, ತೊಟ್ಟಿ ಗೋಡೆ ಹೊರಗಡೆ ಒದ್ದೆ ಆಗಿ ಬಿಳಿ ಗೆರೆ ಮೂಡಿದ್ರೆ ಫೋಟೋ ತಗೊಳ್ಳಿ, ಆದ್ರೆ ನಿಮ್ಮ ಕಣ್ಣಿಗೂ ಅವರ ಕಣ್ಣಿಗೂ ಕಂಡಿದ್ದು ಸಾಕಾಗಲ್ಲ. ರಿಬೌಂಡ್ ಹ್ಯಾಮರ್, ಅಲ್ಟ್ರಾಸೋನಿಕ್, ಕೋರ್ ತೆಗೆದು ಒತ್ತಿ ನೋಡೋದು, ಹೀಗೆ ಪರೀಕ್ಷೆಗಳಿವೆ, ಇಂಜಿನಿಯರಿಂಗ್ ಕಾಲೇಜುಗಳೇ ಮಾಡಿಕೊಡ್ತಾವೆ. ಆ ರಿಪೋರ್ಟ್ ಇಲ್ಲದೆ ಶಿಥಿಲ ಅಂತ ಬರೆದಿದ್ರೆ ಅದು ಬರೀ ಒಂದು ಅಭಿಪ್ರಾಯ.

"ಸಾರ್ 15 ವರ್ಷದ ಲೈಫ್ ಅಷ್ಟೇ, ಮ್ಯಾನ್ಯುಯಲ್‌ನಲ್ಲೇ ಇದೆ" ಅಂತಾನೂ ಹೇಳ್ತಾರೆ, ಇದಕ್ಕೆ ಉತ್ತರ ಗೊತ್ತಿರ್ಲಿ. ನೀರು ಸರಬರಾಜಿನ ತಾಂತ್ರಿಕ ಮಾರ್ಗದರ್ಶನ ಕೊಡೋ ಕೇಂದ್ರದ ಸಂಸ್ಥೆ ಸಿಪಿಎಚ್‌ಇಇಒದ 1999ರ ಕೈಪಿಡೀಲಿ ಶುದ್ಧೀಕರಣ ಘಟಕಕ್ಕೆ 15 ವರ್ಷ, ಪಂಪ್ ಮೋಟರ್‌ಗೆ 15, ಪೈಪ್‌ಲೈನ್‌ಗೆ 30 ಅಂತ ಇರೋದು ನಿಜ. ಆದ್ರೆ ಅದು ವಿನ್ಯಾಸದ ಅವಧಿ, ಅಂದ್ರೆ ಇನ್ನು 15 ವರ್ಷಕ್ಕೆ ಜನ ಎಷ್ಟಾಗ್ತಾರೆ ಲೆಕ್ಕ ಹಾಕಿ ಅಷ್ಟು ದೊಡ್ಡದು ಕಟ್ಟಿ ಅಂತ. ಹದಿನಾರನೇ ವರ್ಷಕ್ಕೆ ಗೋಡೆ ಬಿದ್ದೋಗತ್ತೆ ಅಂತ ಅಲ್ಲ. ಇದನ್ನ ಒಂದು ಸಲ ಹೇಳಿ ನೋಡಿ, ಮಾತು ಬದಲಾಗತ್ತೆ.

ಹೊರಡೋ ಮುಂಚೆ ಲ್ಯಾಬ್ ಲಾಗ್‌ಬುಕ್ ನೋಡಿ. ಕುಡಿಯೋ ನೀರಿಗೆ ಐಎಸ್ 10500 ಅನ್ನೋ ಭಾರತೀಯ ಮಾನದಂಡ ಇದೆ, 2012ರದ್ದು, ಅದರ ಪ್ರಕಾರ ಕದಡು 1 ಎನ್‌ಟಿಯು (ಕದಡು ಅಳೆಯೋ ಮಾನ) ಒಳಗಿರ್ಬೇಕು, ಬೇರೆ ಮೂಲವೇ ಇಲ್ಲ ಅಂದ್ರೆ 5ರವರೆಗೆ ಸಹಿಸ್ಬೋದು, ಪಿಎಚ್ 6.5ರಿಂದ 8.5, ಉಳಿದಿರೋ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ, ಇ-ಕೋಲಿ 100 ಮಿಲಿಲೀಟರಲ್ಲಿ ಒಂದೂ ಸಿಗಬಾರದು. ಪುಸ್ತಕದಲ್ಲಿ 365 ದಿನವೂ ಒಂದೇ ನಂಬರ್ ಒಂದೇ ಪೆನ್ನಲ್ಲಿ ಬರೆದಿದ್ರೆ ನಾನೇನು ಹೇಳೋದು ಬೇಡ, ನಿಮಗೇ ಗೊತ್ತಾಗತ್ತೆ.

ಘಟಕದಲ್ಲಿ ಚೆನ್ನಾಗಿದ್ದು ಮನೇಲಿ ಕೆಟ್ಟಿದ್ರೆ

ಇದನ್ನ ಮನೇಲೇ ನೋಡ್ಬೋದು. ಕ್ಲೋರೋಸ್ಕೋಪ್ ಅಂತ ಚಿಕ್ಕ ಡಬ್ಬಿ ಸಿಗತ್ತೆ, ನೀರಿಗೆ ಎರಡು ಹನಿ ದ್ರಾವಣ ಹಾಕಿದ್ರೆ ಕ್ಲೋರಿನ್ ಇದ್ರೆ ಹಳದಿ ಆಗತ್ತೆ, ಬಣ್ಣದ ಚಾರ್ಟ್ ಜೊತೆ ಹೋಲಿಸೋದು. ಘಟಕದ ಬಾಗಿಲಲ್ಲಿ ಒಂದ್ಸಲ, ಓವರ್‌ಹೆಡ್ ಟ್ಯಾಂಕ್ ಕೆಳಗೆ ಒಂದ್ಸಲ, ಆಮೇಲೆ ಆ ಲೈನಿನ ಕಟ್ಟಕಡೆ ಮನೇಲಿ ಒಂದ್ಸಲ. ಹೊರಡೋವಾಗ ಹಳದಿ ಇದ್ದು ಕೊನೇ ಮನೇಲಿ ಬಣ್ಣನೇ ಇಲ್ಲ ಅಂದ್ರೆ ದಾರೀಲಿ ಏನೋ ಸೇರ್ತಿರ್ಬೋದು, ಸಾಮಾನ್ಯವಾಗಿ ಚರಂಡಿ ಪಕ್ಕ ಒಡೆದ ಪೈಪು. ನೀರು ನಿಂತಾಗ ಪೈಪಲ್ಲಿ ಒತ್ತಡ ಇರಲ್ಲ, ಆಗ ಹೊರಗಿನ ಕೊಳೆ ಒಳಗೆ ಎಳ್ಕೊಳತ್ತೆ. ದಿನ ಬಿಟ್ಟು ದಿನ ನೀರು ಬಿಡೋ ಎಲ್ಲಾ ಊರಿನ ಹಣೆಬರಹನೂ ಇದೇ.

2023ರ ಆಗಸ್ಟ್ ಹೊತ್ತಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟೀಲಿ ಕಲುಷಿತ ನೀರು ಕುಡಿದು ಜನ ಸತ್ತಿದ್ದು ನೆನಪಿರ್ಬೋದು. ತೊಂದ್ರೆ ಆಗಿದ್ದು ಆ ಒಂದು ಬಡಾವಣೇಲಿ, ಇಡೀ ಊರಲ್ಲಲ್ಲ. ನೀರಿನ ಸುರಕ್ಷತೆ ಅಂದ ತಕ್ಷಣ ಘಟಕ ಒಂದನ್ನೇ ನೋಡೋದು ಯಾಕೆ ಸಾಲಲ್ಲ ಅನ್ನೋಕೆ ಹೇಳಿದೆ.

ಒಂದು ಲೆಕ್ಕ, ಇದನ್ನ ಬಾಯಿಪಾಠ ಮಾಡ್ಕೊಳ್ಳಿ

ಊರಿನ ಜನ 2 ಲಕ್ಷ ಅಂತಿಟ್ಕೊಳ್ಳಿ. ಒಳಚರಂಡಿ ಇರೋ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ಅನ್ನೋದು ಕೈಪಿಡಿ ಲೆಕ್ಕ. 2 ಲಕ್ಷ ಗುಣಿಸು 135, ಅಂದ್ರೆ 2 ಕೋಟಿ 70 ಲಕ್ಷ ಲೀಟರ್, ಅಂದ್ರೆ 27 ಎಂಎಲ್‌ಡಿ. ಇದಿಷ್ಟು ಮನೆ ತಲುಪಬೇಕು. ದಾರೀಲಿ 40% ಸೋರಿ ಹೋಗ್ತಿದ್ರೆ ಘಟಕದಿಂದ 45 ಎಂಎಲ್‌ಡಿ ಬಿಡ್ಬೇಕು. ಸೋರಿಕೆನ 20%ಗೆ ಇಳಿಸಿದ್ರೆ 34 ಸಾಕು. ಈ 20% ನಾನು ಸುಮ್ನೆ ಹೇಳ್ತಿಲ್ಲ, ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2008ರಲ್ಲಿ ಹಾಕಿದ ಸೇವಾ ಮಾನದಂಡದಲ್ಲೇ ಲೆಕ್ಕಕ್ಕೆ ಸಿಗದ ನೀರು 20% ಮೀರಬಾರದು ಅಂತಿದೆ.

ಅಂದ್ರೆ 11 ಎಂಎಲ್‌ಡಿ ಘಟಕ ಕಟ್ಟೋದೇ ಬೇಡ. ಅಷ್ಟು ನೀರು ಹೊಳೆಯಿಂದ ಎತ್ತೋದು ಬೇಡ, ಅದಕ್ಕೆ ಕರೆಂಟ್ ಬೇಡ, ಆಲಂ ಬೇಡ. ನಿಮ್ಮೂರಿನ ಜನಸಂಖ್ಯೆ ಹಾಕಿ ಈ ಲೆಕ್ಕನ ಒಂದು ಹಾಳೇಲಿ ಬರೆದು ಕಾರ್ಪೊರೇಟರ್‌ಗೆ ಕೊಡಿ, ಡಿಪಿಆರ್ ಓದಿ ಅಂದ್ರೆ ಓದಲ್ಲ, ಇದನ್ನ ಓದ್ತಾರೆ.

ಪೈಪ್ ಸರಿ ಮಾಡೋದು ಆಗಹೋಗದ ಮಾತು ಅಂತ ಯಾರಾದ್ರೂ ಅಂದ್ರೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ನೆನಪಿಸಿ. ವಿಶ್ವಬ್ಯಾಂಕ್ ಸಾಲದ ಯೋಜನೇಲಿ ಈ ಊರುಗಳ ಕೆಲವು ವಾರ್ಡ್‌ಗಳಲ್ಲಿ ಹಳೇ ಪೈಪ್ ತೆಗೆದು ಹೊಸ ಜಾಲ ಹಾಕಿ ಮನೆಮನೆಗೆ ಮೀಟರ್ ಕೂರಿಸಿ 2008ರಲ್ಲೇ 24 ಗಂಟೆ ನೀರು ಕೊಟ್ರು. ಅದನ್ನ ಇಡೀ ಊರಿಗೆ ಹಬ್ಬಿಸೋಕೆ ಹೋಗಿ ವರ್ಷಗಟ್ಟಲೆ ಎಳೆದಾಡಿದ್ದು ಬೇರೆ ಕಥೆ, ರಸ್ತೆ ಅಗೆದು ಜನ ಬೈದಿದ್ದೂ ನಿಜ. ನೆಲದೊಳಗಿನ ಪೈಪಿಗೆ ಉದ್ಘಾಟನೆ ಮಾಡೋಕೆ ಬರಲ್ಲ, ಟೇಪ್ ಕತ್ತರಿಸೋಕೆ ಜಾಗ ಇಲ್ಲ, ಅದಕ್ಕೇ ಯಾರಿಗೂ ಅದರ ಮೇಲೆ ಪ್ರೀತಿ ಇಲ್ಲ.

ಹೊಳೇಲಿ ನೀರಿದೆಯಾ

ತಿಪ್ಪಗೊಂಡನಹಳ್ಳಿ ಜಲಾಶಯ ನೋಡಿ. 1933ರಿಂದ ಬೆಂಗಳೂರಿಗೆ ನೀರು ಕೊಟ್ಟ ಜಾಗ, ಅರ್ಕಾವತಿ ಬತ್ತಿ, ಬಂದ ಸ್ವಲ್ಪ ನೀರೂ ಕೊಳೆಯಾಗಿ, 2012ರಲ್ಲಿ ಅಲ್ಲಿಂದ ನೀರೆತ್ತೋದನ್ನೇ ನಿಲ್ಲಿಸಿದ್ರು. ಪಂಪು ಫಿಲ್ಟರ್ ಎಲ್ಲಾ ಇತ್ತು, ಕುಡಿಯೋಕಾಗೋ ನೀರೇ ಇರ್ಲಿಲ್ಲ. ಹುಬ್ಬಳ್ಳಿ ಕಡೆಯೋರಿಗೆ ನೀರಸಾಗರ ಬತ್ತಿದ್ದು ಗೊತ್ತು, ಮಂಗಳೂರಿನೋರಿಗೆ 2016 ಮತ್ತು 2019ರ ಬೇಸಿಗೇಲಿ ತುಂಬೆ ಡ್ಯಾಮ್ ಮಟ್ಟ ಇಳಿದು ರೇಷನ್ ಮಾಡಿದ್ದು ಗೊತ್ತು. ಹಾಗಾಗಿ ಡಿಪಿಆರ್‌ನಲ್ಲಿ ಏಪ್ರಿಲ್ ಮೇ ತಿಂಗಳ ಹರಿವಿನ ಅಂಕಿ ಎಷ್ಟು ವರ್ಷದ್ದಿದೆ, ಮೇಲ್ಗಡೆ ಯಾವ ಊರಿನ ಒಳಚರಂಡಿ ಹೊಳೆಗೆ ಸೇರ್ತಿದೆ, ಈ ಎರಡು ಕೇಳಿ. ಕೊಳೆ ಜಾಸ್ತಿ ಆಗಿರೋ ಮೂಲಕ್ಕೆ ಹಳೇ ಮಾದರಿ ಮರಳಿನ ಫಿಲ್ಟರ್ ಸಾಲಲ್ಲ, ಆಗ ನಿಜವಾಗ್ಲೂ ಹೊಸ ಥರದ ಘಟಕ ಬೇಕಾಗ್ಬೋದು, ಆ ವಾದ ಬಂದ್ರೆ ಗಮನ ಕೊಟ್ಟು ಕೇಳಿ.

ಕಾಗದ ಕೈಗೆ ಬರ್ಬೇಕಲ್ಲ

ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಆದ್ರೆ ಕರ್ನಾಟಕದ ನಿಯಮದಲ್ಲಿ ಒಂದು ಅರ್ಜೀಲಿ ಒಂದೇ ವಿಷಯ, ಅದೂ 150 ಪದ ಮೀರಬಾರದು ಅಂತಿದೆ, ಎಲ್ಲಾ ಕೋಪ ತೀರಿಸ್ಕೊಳ್ಳೋಕೆ ನಾಲ್ಕು ಪುಟ ಬರೆದ್ರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸ್ತಾರೆ. 10 ರೂಪಾಯಿ ಪೋಸ್ಟಲ್ ಆರ್ಡರ್ ಇಡಿ. 30 ದಿನದಲ್ಲಿ ಉತ್ತರ ಬರ್ಬೇಕು, ಬರದಿದ್ರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಮಾದರಿ ಕೊಡ್ತೀನಿ, ಹಾಗೇ ಬರ್ಕೊಳ್ಳಿ.

"ವಿಷಯ: ನಗರದ ನೀರು ಶುದ್ಧೀಕರಣ ಘಟಕದ ಪುನರ್ ನಿರ್ಮಾಣ ಪ್ರಸ್ತಾವನೆಯ ದಾಖಲೆಗಳು. ಮಾಹಿತಿ ಹಕ್ಕು ಅಧಿನಿಯಮ 2005ರ ಕಲಂ 6(1)ರ ಅಡಿಯಲ್ಲಿ ಈ ಕೆಳಕಂಡ ದಾಖಲೆಗಳ ದೃಢೀಕೃತ ಪ್ರತಿಗಳನ್ನು ನೀಡಲು ಕೋರುತ್ತೇನೆ. ಸದರಿ ಪ್ರಸ್ತಾವನೆಯ ವಿಸ್ತೃತ ಯೋಜನಾ ವರದಿ. ಹಾಲಿ ಘಟಕದ ಕಟ್ಟಡ ದೃಢತೆಯ ಪರೀಕ್ಷಾ ವರದಿ. ಕಳೆದ 12 ತಿಂಗಳ ಒಳಹರಿವು ಮತ್ತು ಹೊರಹರಿವಿನ ಮೀಟರ್ ದಾಖಲೆ. ಅದೇ ಅವಧಿಯ ನೀರಿನ ಗುಣಮಟ್ಟ ಪರೀಕ್ಷೆಯ ದಾಖಲೆ. ಅದೇ ಅವಧಿಯ ಪಂಪ್‌ಹೌಸ್ ವಿದ್ಯುತ್ ಬಿಲ್ಲುಗಳು."

ಮೀಟರ್ ದಾಖಲೆ ಇಲ್ಲ ಅಂತ ಉತ್ತರ ಬಂದ್ರೆ ಬೇಜಾರಾಗ್ಬೇಡಿ, ಅದೇ ನಿಮ್ಮ ದೊಡ್ಡ ಸಾಕ್ಷಿ. ಅದೇ ಕಾಯ್ದೆಯ ಕಲಂ 2(ಜೆ)ನಲ್ಲಿ ಕಾಮಗಾರಿ ಖುದ್ದು ಪರಿಶೀಲಿಸೋ, ಸ್ಯಾಂಪಲ್ ತಗೊಳ್ಳೋ ಹಕ್ಕೂ ಇದೆ, ಘಟಕ ನೋಡೋಕೆ ಬಿಡಲ್ಲ ಅಂದ್ರೆ ಅದನ್ನ ಬಳಸಿ. ಟೆಂಡರ್ ಕರೆದಾಗಿದ್ರೆ ರಾಜ್ಯದ ಸಂಗ್ರಹಣಾ ಪೋರ್ಟಲ್ ಕೆಪಿಪಿಪಿಯಲ್ಲಿ ಹುಡುಕಿ.

ದುಡ್ಡು

ಅಮೃತ್ 2.0 ಯೋಜನೇಲಿ, 2021ರ ಅಕ್ಟೋಬರಲ್ಲಿ ಶುರುವಾದದ್ದು, ಕೇಂದ್ರದ ಪಾಲನ್ನ ಊರಿನ ಗಾತ್ರ ನೋಡಿ ಇಟ್ಟಿದ್ರು. 1 ಲಕ್ಷಕ್ಕಿಂತ ಕಮ್ಮಿ ಜನ ಇದ್ರೆ ಅರ್ಧ, 1ರಿಂದ 10 ಲಕ್ಷ ಆದ್ರೆ ಮೂರರಲ್ಲೊಂದು ಪಾಲು, ಅದಕ್ಕೂ ದೊಡ್ಡ ಊರಾದ್ರೆ ಕಾಲು. ಉಳಿದಿದ್ದು ರಾಜ್ಯ ಮತ್ತು ಊರು. "ಕೇಂದ್ರದ ದುಡ್ಡು ವಾಪಸ್ ಹೋಗತ್ತೆ, ಬೇಗ ಒಪ್ಪಿಗೆ ಕೊಡಿ" ಅನ್ನೋ ಮಾತು ಇಲ್ಲಿಂದಲೇ ಹುಟ್ಟೋದು. ಕಟ್ಟೋಕೆ ಹಿಂಗೆ ನಾಲ್ಕು ಕಡೆಯಿಂದ ದುಡ್ಡು ಬರತ್ತೆ, ನಡೆಸೋಕೆ ಬರಲ್ಲ. ಅದಕ್ಕೆ ಕಟ್ಟೋ ಖರ್ಚಿಗಿಂತ ವರ್ಷದ ಖರ್ಚು ಕೇಳಿ, ಮುಖ್ಯವಾಗಿ ಕರೆಂಟ್ ಬಿಲ್.

30 ಎಂಎಲ್‌ಡಿ ನೀರನ್ನ 60 ಮೀಟರ್ ಎತ್ತರಕ್ಕೆ ತಳ್ಳೋ ಪಂಪು ಮೋಟರ್ ಸೇರಿ 70% ದಕ್ಷತೆ ಇದ್ರೆ ದಿನಕ್ಕೆ ಸುಮಾರು 7000 ಯೂನಿಟ್ ತಿನ್ನತ್ತೆ. ಅದೇ ಸವೆದು 50%ಗೆ ಇಳಿದಿದ್ರೆ 9800. ಯೂನಿಟ್‌ಗೆ 6 ರೂಪಾಯಿ ಅಂತಿಟ್ರೂ ವರ್ಷಕ್ಕೆ 60 ಲಕ್ಷದ ಮೇಲೆ ವ್ಯತ್ಯಾಸ. ಎಷ್ಟೋ ಕಡೆ ಘಟಕ ಮುಟ್ಟದೆ ಪಂಪು ಬದಲಾಯಿಸಿದ್ರೇ ಉಳಿತಾಯದಲ್ಲಿ ಕೆಲವೇ ವರ್ಷಕ್ಕೆ ಅದರ ಬೆಲೆ ವಾಪಸ್ ಬರತ್ತೆ.

ಸಾಲ ಇದ್ರೆ ನೀರಿನ ದರ ಯಾವ ವರ್ಷ ಎಷ್ಟು ಏರತ್ತೆ ಅಂತ ಬರವಣಿಗೇಲಿ ಕೇಳಿ. ಬಾಯಿಮಾತು ಬೇಡ.

ಕಟ್ಬೇಕಾ, ಬೇಡ್ವಾ

ನಾನು ಹೊಸ ಘಟಕದ ವಿರೋಧಿ ಅಲ್ಲ. ತೊಟ್ಟಿಯ ಕಾಂಕ್ರೀಟ್ ನಿಜವಾಗ್ಲೂ ಹೋಗಿದೆ, ರಿಪೋರ್ಟ್ ಇದೆ ಅಂದ್ರೆ ಕಟ್ಲೇಬೇಕು, ತೇಪೆ ಹಾಕ್ಕೊಂಡು ಕೂತ್ರೆ ಒಂದಿನ ಇಡೀ ಊರಿಗೆ ನೀರಿಲ್ಲ. ಆದ್ರೆ ಕೌನ್ಸಿಲ್ ಮುಂದೆ ಯಾವಾಗ್ಲೂ ಎರಡೇ ಆಯ್ಕೆ ಇಡ್ತಾರೆ, ಹೊಸದು ಕಟ್ಟೋದು ಇಲ್ಲಾ ಇದ್ದಂಗೇ ಬಿಡೋದು. ನಡುವೆ ಇನ್ನೊಂದಿದೆ. ಹಳೇ ತೊಟ್ಟಿಗೆ ಟ್ಯೂಬ್ ಸೆಟ್ಲರ್, ಅಂದ್ರೆ ಕೆಸರು ಬೇಗ ಕೂರೋಕೆ ಓರೆಯಾಗಿ ಜೋಡಿಸಿದ ಕೊಳವೆಗಳು, ಕೂರಿಸಿದ್ರೆ ಅದೇ ಜಾಗದಲ್ಲಿ ಜಾಸ್ತಿ ನೀರು ತಿಳಿಯಾಗತ್ತೆ, ಮರಳಿನ ಮೇಲೆ ಆಂಥ್ರಸೈಟ್ ಅನ್ನೋ ಗಟ್ಟಿ ಕಲ್ಲಿದ್ದಲಿನ ಪದರ ಹಾಕಿದ್ರೆ ಫಿಲ್ಟರ್ ಜಾಸ್ತಿ ಹೊತ್ತು ಓಡತ್ತೆ, ಪಕ್ಕದಲ್ಲಿ ಚಿಕ್ಕದೊಂದು ಹೊಸ ಘಟಕ ಕಟ್ಟಿ ಎರಡನ್ನೂ ಓಡಿಸ್ಬೋದು. ಹೊಸದು, ಇದ್ದಂಗೇ ಬಿಡೋದು, ನಡುವಿನ ದಾರಿ, ಈ ಮೂರಕ್ಕೂ 15 ವರ್ಷದ ಒಟ್ಟು ಖರ್ಚು, ಕಟ್ಟೋದು ಸೇರಿ ನಡೆಸೋದು ಸೇರಿ, ಒಂದೇ ಟೇಬಲ್‌ನಲ್ಲಿ ಹಾಕಿ ಕೊಡಿ ಅಂತ ಕೇಳಿ. ಆ ಟೇಬಲ್ ಇಲ್ಲದ ಡಿಪಿಆರ್ ಅಂದ್ರೆ ಮೊದಲೇ ತೀರ್ಮಾನ ಮಾಡಿ ಆಮೇಲೆ ಬರೆದದ್ದು.

ಇನ್ನೊಂದು, ಎಲ್ರೂ ಮರೆಯೋದು: ಕಟ್ತಿರೋವಾಗ ಊರಿಗೆ ನೀರು ಎಲ್ಲಿಂದ? ಹಳೇದರ ಜಾಗದಲ್ಲೇ ಹೊಸದು ಅಂದ್ರೆ ಒಂದೂವರೆ ವರ್ಷ ಟ್ಯಾಂಕರ್ ಬಾಡಿಗೆ ಯಾರು ಕೊಡ್ತಾರೆ, ಆ ಬಾಡಿಗೆ ಅಂದಾಜು ಪಟ್ಟೀಲಿ ಇದೆಯಾ. ಫಿಲ್ಟರ್ ತೊಳೆದ ಕೆಸರು ನೀರು ಎಲ್ಲಿಗೆ ಹೋಗತ್ತೆ ಅನ್ನೋದೂ ಕೇಳಿ, ವಾಪಸ್ ಹೊಳೆಗೇ ಬಿಡ್ತಿರ್ತಾರೆ.

ಸಭೆ

ಸಭೆ ದಿನ ಗ್ಯಾಲರೀಲಿ ಕೂತು ಕೂಗಿದ್ರೆ ಆಗೋದೇನಿಲ್ಲ, ಸಾರ್ವಜನಿಕರಿಗೆ ಅಲ್ಲಿ ಮಾತಾಡೋಕೆ ಅವಕಾಶ ಇಲ್ಲ, ಹೊರಗೆ ಕಳಿಸ್ತಾರೆ ಅಷ್ಟೇ. ಕೆಲಸ ಆಗ್ಬೇಕಿರೋದು ಅದಕ್ಕೂ ಮುಂಚೆ. ಪಾಲಿಕೆ ಆದ್ರೆ ವಾರ್ಡ್ ಸಮಿತಿ ಸಭೇಲಿ ವಿಷಯ ಎತ್ತಿ, ಅದರ ನಡಾವಳೀಲಿ ಬರೆಸಿ. ಸ್ಥಾಯಿ ಸಮಿತಿ ಮುಂದೆ ಬರೋ ಹಂತದಲ್ಲಿ ಅದರ ಸದಸ್ಯರನ್ನ ಹುಡುಕಿ ಮಾತಾಡಿ, ಅಲ್ಲಿ ಜನ ಕಮ್ಮಿ, ಕ್ಯಾಮೆರಾ ಇರಲ್ಲ, ಕೇಳೋ ತಾಳ್ಮೆ ಇರತ್ತೆ. ಆಡಳಿತ ಪಕ್ಷದೋರು ಒಬ್ಬರು, ವಿರೋಧ ಪಕ್ಷದೋರು ಒಬ್ಬರು, ಇಬ್ಬರಿಗೂ ಅದೇ ಹಾಳೆ ಕೊಡಿ, ಒಬ್ಬರಿಗೇ ಕೊಟ್ರೆ ಅದು ಪಾರ್ಟಿ ಜಗಳ ಆಗಿ ನಿಮ್ಮ ಪ್ರಶ್ನೆ ಕಳೆದೋಗತ್ತೆ.

ಹಾಳೇಲಿ ಮೂರೇ ಪ್ರಶ್ನೆ ಇರ್ಲಿ. ಹತ್ತು ಬರೆದ್ರೆ ಇಂಜಿನಿಯರ್ ಸುಲಭದ ಎರಡಕ್ಕೆ ಉತ್ತರ ಹೇಳಿ ಕೂತ್ಕೋತಾರೆ. ನಾನಾದ್ರೆ ಮೀಟರ್ ಓದಿದ ಅಂಕಿ, ಸೋರಿಕೆ ಎಷ್ಟು, ಕಟ್ಟಡದ ಪರೀಕ್ಷಾ ವರದಿ, ಈ ಮೂರು ಕೇಳ್ತೀನಿ.

ಅಜೆಂಡಾ ಸದಸ್ಯರ ಮನೆಗೆ ಕೆಲವು ದಿನ ಮುಂಚೆ ಬಂದಿರತ್ತೆ, ಕೇಳಿದ್ರೆ ಫೋಟೋ ಕಳಿಸ್ತಾರೆ. ಅದರಲ್ಲಿ ನೀರಿನ ವಿಷಯ ಇಲ್ಲ ಅಂತ ನೆಮ್ಮದಿಯಾಗಿ ಮಲಗ್ಬೇಡಿ, ಕೊನೇಲಿ "ಮೇಯರ್ ಅವರ ಅನುಮತಿ ಮೇರೆಗೆ ಇತರೆ ವಿಷಯ" ಅಂತ ಒಂದು ಸಾಲು ಇರತ್ತಲ್ಲ, ಅದರೊಳಗೆ ಆನೆನೂ ತೂರತ್ತೆ. ಇನ್ನೊಂದು ಪದ "ಘಟನೋತ್ತರ ಮಂಜೂರಾತಿ", ಅಂದ್ರೆ ಕೆಲಸ ಆಗಲೇ ಶುರು ಮಾಡಿದೀವಿ, ಈಗ ಒಪ್ಪಿಗೆ ಕೊಡಿ ಅಂತ. ಅದು ಕಂಡ ಕೂಡ್ಲೇ ಯಾವ ದಿನಾಂಕದಲ್ಲಿ ಯಾರ ಆದೇಶದ ಮೇಲೆ ಶುರುವಾಯ್ತು ಅಂತ ಕೇಳಿಸಿ.

ಪೂರ್ತಿ ತಡೆಯೋಕೆ ಹೋಗ್ಬೇಡಿ, ಷರತ್ತು ಸೇರಿಸೋಕೆ ನೋಡಿ. ತಡೀತೀವಿ ಅಂದ್ರೆ ಊರಿನ ಅಭಿವೃದ್ಧಿ ವಿರೋಧಿ ಅನ್ನೋ ಹಣೆಪಟ್ಟಿ ರೆಡಿ ಇರತ್ತೆ. ಷರತ್ತು ಅಂದ್ರೆ ಯಾರೂ ಬೇಡ ಅನ್ನೋಕಾಗಲ್ಲ. "ಬಲ್ಕ್ ಮೀಟರ್ ಅಳವಡಿಸಿ 6 ತಿಂಗಳ ಅಳತೆಯ ನಂತರ ಸಾಮರ್ಥ್ಯ ನಿಗದಿಪಡಿಸುವ ಷರತ್ತಿಗೆ ಒಳಪಟ್ಟು ಅನುಮೋದಿಸಲಾಯಿತು" ಅಂತ ಒಂದು ಸಾಲು ನಿಮ್ಮ ಸದಸ್ಯರ ಕೈಗೆ ಬರೆದು ಕೊಟ್ಟಿರಿ, ಅವರು ಎದ್ದು ಓದಿದ್ರೆ ಸಾಕು.

ಸಭೆ ಮುಗಿದ ಮೇಲೆ ನಡಾವಳಿ ಪ್ರತಿ ತಗೊಳ್ಳೋದು ಮರೀಬೇಡಿ. ಸಭೇಲಿ ಓದಿದ ಷರತ್ತು ನಡಾವಳೀಲಿ ಇರ್ಲಿಲ್ಲ, ಇದು ಗೆಳೆಯರ ಊರಲ್ಲಿ ಆದದ್ದು. "ಚರ್ಚಿಸಿ ಅನುಮೋದಿಸಲಾಯಿತು" ಅಂತಷ್ಟೇ ಇತ್ತು. ಮುಂದಿನ ಸಭೆಯ ಮೊದಲ ಐಟಂ ಯಾವಾಗ್ಲೂ ಹಿಂದಿನ ನಡಾವಳಿ ದೃಢೀಕರಿಸೋದೇ ಆಗಿರತ್ತೆ, ತಿದ್ದಿಸೋಕೆ ಅದೊಂದೇ ಬಾಗಿಲು. ಗೆಳೆಯರ ವಾರ್ಡಿನ ಸದಸ್ಯೆ ಮೇಡಂ ಅವತ್ತು ಎದ್ದು ನಿಂತು, ಸಭೆಯ ವಿಡಿಯೋ ಫೋನಲ್ಲಿ ಹಿಡಿದು ತೋರಿಸಿ, ಆ ಸಾಲು ಸೇರಿಸೋವರೆಗೂ ಕೂರ್ಲಿಲ್ಲ. ಮೀಟರ್ ಬಂತು. ಆರು ತಿಂಗಳು ಓದಿದ್ರು. 18 ಎಂಎಲ್‌ಡಿ ಅಂತ ಬರೀತಿದ್ದ ಘಟಕಕ್ಕೆ ಬರ್ತಿದ್ದಿದ್ದು 13, ಈಗ ಮೊದಲು ಪಂಪ್ ಬದಲಾಯಿಸೋಕೆ ಟೆಂಡರ್ ಕರೆದಿದಾರೆ.